ಹುಣಸೆ ಬೀಜದ ಅಂಟು ಹಚ್ಚಿದ ವೈರು

ಹರಿದದ್ದನ್ನು ಬಿಸಾಡುವ ಜನ ನಾವಲ್ಲ. ಕೌದಿ ಹರಿದರೆ ತೇಪೆ ಹಾಕುತ್ತೇವೆ, ಕೊಡ ಸೋರಿದರೆ ಅರಗು ಹಚ್ಚುತ್ತೇವೆ, ಚಪ್ಪಲಿಯ ಉಂಗುಟ ಕಿತ್ತರೆ ಮೊಳೆ ಹೊಡೆದು ಇನ್ನೊಂದು ವರ್ಷ ತಳ್ಳುತ್ತೇವೆ. ಒಳ್ಳೆಯ ಗುಣವೇ, ಯಾರು ಬೇಡವೆಂದರು? ಆದರೆ ತೇಪೆ ಹಾಕಬಾರದ ವಸ್ತುವೂ ಒಂದಿದೆ. ಅದಕ್ಕೆ ತೇಪೆ ಹಾಕಿ, ಮೇಲೆ ಚೆಂದಾಗಿ ಬಣ್ಣವನ್ನೂ ಬಳಿದು, ಗಂಡನ ಕೈಗೆ ಕೊಟ್ಟು ಕಳಿಸಿದ ಶೇಖರಮ್ಮನ ಕಥೆ ಇದು.

ಅದು ನಲವತ್ತೊಂಬತ್ತನೆಯ ಇಸವಿ, ಬೇಸಿಗೆ ಕಾಲ. ನಿಜಾಮರ ಆಳ್ವಿಕೆ ಮುಗಿದು ಇನ್ನೂ ವರ್ಷ ತುಂಬಿರಲಿಲ್ಲ. ಹೊಳೆಗೆ ಅಣೆಕಟ್ಟು ಕಟ್ಟುವ ಕೆಲಸಕ್ಕೆ ಎಲ್ಲೆಲ್ಲಿಂದಲೋ ಜನ ಬಂದಿದ್ದರು. ಜನ ಬಂದರೆ ಮನೆ ಬೇಕು, ಮನೆಗೆ ಬಾಗಿಲು ಕಿಟಕಿ ಬೇಕು. ಅವನ್ನು ಮಾಡಿಸಲು ಒಬ್ಬ ಗುತ್ತೇದಾರ ಗಿಣಿಗೇರಾದಲ್ಲಿ ತಗಡಿನ ಶೆಡ್ಡು ಹಾಕಿದ್ದ. ಶೆಡ್ಡಿನ ಹಿಂದೆ ಎಣ್ಣೆ ಎಂಜಿನ್ನು. ಎಂಜಿನ್ನು ತಿರುಗಿದರೆ ಡೈನಮೋ ತಿರುಗುತ್ತಿತ್ತು, ಡೈನಮೋ ತಿರುಗಿದರೆ ಕರೆಂಟು ಬರುತ್ತಿತ್ತು. ಆ ಕರೆಂಟಿನಿಂದ ಮರ ಕೊರೆಯುವ ಮೂರು ಮಷೀನುಗಳು ನಡೆಯುತ್ತಿದ್ದವು. ಜನ ಅವಕ್ಕೆ ಕರೆಂಟಿನ ಬೈರಿಗೆ ಎಂದು ಹೆಸರಿಟ್ಟಿದ್ದರು.

ಶೇಖರಮ್ಮನ ಗಂಡ ದೇವೇಂದ್ರಪ್ಪ ಕಿನ್ನಾಳದವನು. ಅಜ್ಜ ಮುತ್ತಜ್ಜನ ಕಾಲದಿಂದ ಬೊಂಬೆ ಮಾಡುವ ಮನೆತನ. ಕೈ ಬೈರಿಗೆ ತಿರುಗಿಸಿ ತಿರುಗಿಸಿ ರಟ್ಟೆ ಸೋತವನಿಗೆ, ಗುಂಡಿ ಒತ್ತಿದರೆ ತಾನೇ ಗಿರ್ರನೆ ಮರ ಕೊರೆಯುವ ಯಂತ್ರ ಕಂಡು ತಲೆ ತಿರುಗಿಹೋಗಿತ್ತು. ಹೆಂಡತಿಯನ್ನು ಕರೆದುಕೊಂಡು ಗಿಣಿಗೇರಾಕ್ಕೆ ಬಂದು, ಒಂದು ಖೋಲಿ ಹಿಡಿದು, ಆ ಯಂತ್ರದ ಮುಂದೆಯೇ ನಿಂತುಬಿಟ್ಟ. ಊರಿಗೆ ಹೋದಾಗ ಅವನ ಮಾತು ಕೇಳಬೇಕಿತ್ತು. ಇಡೀ ಅಣೆಕಟ್ಟನ್ನು ಅವನ ಬೈರಿಗೆಯೇ ಕಟ್ಟುತ್ತಿದೆಯೇನೋ ಅನ್ನಬೇಕು, ಹಾಗೆ ಹೇಳುತ್ತಿದ್ದ.

ಒಂದು ರಜೆಯ ದಿನ ಬೆಳಿಗ್ಗೆ ಅವನು ಜೋಳದ ಚೀಲದೊಳಗಿಂದ ಉದ್ದನೆಯ ಕರಿ ವೈರೊಂದನ್ನು ಹೊರಗೆಳೆದು ಶೇಖರಮ್ಮನ ಮುಂದೆ ಹಾಕಿದ.

"ಏನ್ರಿ ಇದು? ಶೆಡ್ಡಿಂದಲ್ಲೇನು?"

"ಮೆಲ್ಲಕ ಮಾತಾಡು. ಬಾಜೂಕ ಮಿಸ್ತ್ರಿ ಮನಿ ಐತಿ."

ಮಿಸ್ತ್ರಿ ಎಂದರೆ ಶೆಡ್ಡಿನ ಕರೆಂಟು ನೋಡಿಕೊಳ್ಳುವವನು. ಅವನೂ ಅವನ ಹೆಂಡತಿ ಶಹನಾಜಬೇಗಂಳೂ ಪಕ್ಕದ ಮನೆಯಲ್ಲೇ ಇದ್ದರು. ಮಿಸ್ತ್ರಿ ಹಿಂದಿನ ದಿನವೇ ಎಂಜಿನ್ನಿನ ಸಾಮಾನು ತರಲು ರೈಲು ಹತ್ತಿ ಗದಗಿಗೆ ಹೋಗಿದ್ದ. ಮನುಷ್ಯ ಒಳ್ಳೆಯವನೇ, ಬಾಯಿ ಮಾತ್ರ ಖಾರ. ಹರಿದ ವೈರು ಕಂಡರೆ ತನಗೆ ತಂದು ತೋರಿಸಬೇಕೆಂದು ದಿನಾ ಬಡಿದುಕೊಳ್ಳುತ್ತಿದ್ದ. ವೈರನ್ನು ಬಾಗಿಲ ಸಂದಿಯಲ್ಲಿ ಎಳೆಯುತ್ತಾನೆಂದು ದೇವೇಂದ್ರಪ್ಪನನ್ನು ಆಗಲೇ ಎರಡು ಸಲ ಗದರಿಸಿದ್ದ. ಇನ್ನೊಂದು ಸಲ ಹೀಗಾದರೆ ಕರೆಂಟಿನ ಬೈರಿಗೆ ಬಿಡಿಸಿ ಕೈ ಬೈರಿಗೆ ಕೊಡುತ್ತೇನೆಂದೂ ಹೇಳಿದ್ದ. ಈಗ ಮೂರನೆಯ ಸಲ ಹಾಗೇ ಆಗಿತ್ತು. ಶೆಡ್ಡಿನ ದೊಡ್ಡ ಬಾಗಿಲು ಗಾಳಿಗೆ ಬಡಿದು ವೈರಿನ ಮೇಲೆ ಕೂತಿತ್ತು.

ಶೇಖರಮ್ಮ ವೈರನ್ನು ಬೆಳಕಿಗೆ ಹಿಡಿದು ನೋಡಿದಳು. ಆಗಿನ ವೈರುಗಳಿಗೆ ಮೇಲೆ ನೂಲಿನ ಹೆಣಿಗೆ ಇರುತ್ತಿತ್ತು, ಒಳಗೆ ರಬ್ಬರು, ಅದರೊಳಗೆ ತಾಮ್ರದ ಎಳೆ. ಒಂದು ಕಡೆ ನೂಲು ಬಿರಿದಿತ್ತು. ರಬ್ಬರು ಉಗುರಿನಷ್ಟು ಅಗಲಕ್ಕೆ ಕಿತ್ತು ತಾಮ್ರ ಮಿಣಮಿಣ ಅನ್ನುತ್ತಿತ್ತು. ಜೋತಾಡುತ್ತಿದ್ದ ರಬ್ಬರಿನ ಚೂರನ್ನು ದೇವೇಂದ್ರಪ್ಪ ಕಿತ್ತು ಒಲೆಯ ಕಡೆ ಎಸೆದ.

"ಬೊಂಬಿ ಕೈ ಕಾಲು ಕೂಡ್ಸಿದ ಮ್ಯಾಲ ಸಂದಿಗೆ ಅರಿವಿ ಹಚ್ತಿಯಲ್ಲ, ಹಂಗ ಹಚ್ಚು. ಮ್ಯಾಲ ಕರಿ ಬಣ್ಣ ಬಳಿ. ಗುರುತು ಸಿಗಬಾರದು ನೋಡು."

ಶೇಖರಮ್ಮನಿಗೆ ಒಳಗೊಳಗೇ ಅಳುಕು.

"ಮಿಸ್ತ್ರಿ ಬರೂತನಾ ತಡೀರಲ. ಇದರಾಗ ಕರೆಂಟು ಹರೀತೈತಿ ಅಂತೀರಿ. ನಮ್ಮ ಅಂಟು ತಡಕೊಂತೈತೇನು?"

"ಸೋರಾಕ ಅದೇನು ನೀರೇನು? ಇಲ್ಲಿ ನೋಡು, ಮಾಡಿದವರೂ ಮ್ಯಾಲ ನೂಲಿನ ಅರಿವಿನ ಹೊದಿಸ್ಯಾರ. ನಾವೂ ಅರಿವಿ ಹೊದಸೂದು. ಅವರದು ಬ್ಯಾರೆ ಅರಿವಿ, ನಮ್ಮದು ಬ್ಯಾರೆ ಅರಿವಿ ಏನು?"

ಶೇಖರಮ್ಮ ವೈರನ್ನು ಇನ್ನೊಮ್ಮೆ ತಿರುಗಿಸಿ ನೋಡಿದಳು. ಕಣ್ಣಿಗೆ ಕಾಣುವುದು ನೂಲೇ, ನಿಜ. ಕೆಲಸ ಮಾಡುವುದು ಅದರ ಕೆಳಗಿನ ರಬ್ಬರು ಎಂದು ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಮಿಸ್ತ್ರಿ ಹೇಳಲು ಬಂದಾಗ ದೇವೇಂದ್ರಪ್ಪನ ಕಿವಿ ಬೈಗುಳವನ್ನಷ್ಟೇ ಕೇಳಿಸಿಕೊಂಡಿತ್ತು.

ಶೇಖರಮ್ಮ ಹುಣಸೆ ಬೀಜ ಅರೆದು ಕಾಯಿಸಿದ ಅಂಟನ್ನು ತೆಗೆದಳು. ಹಳೆಯ ಧೋತರದ ತೆಳು ಅರಿವೆಯನ್ನು ಸೀಳಿ, ಅಂಟಿನಲ್ಲಿ ನೆನೆಸಿ, ಗಾಯಕ್ಕೆ ಸುತ್ತಿದಳು. ಒಂದು ಸುತ್ತು ಒಣಗಿದ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಬಿಸಿಲಿಗೆ ಇಟ್ಟಳು, ಉಜ್ಜಿ ನುಣ್ಣಗೆ ಮಾಡಿದಳು, ಬೊಂಬೆಯ ಕಣ್ಣು ಬರೆಯುವ ಕುಂಚದಿಂದ ನೂಲಿನ ಹೆಣಿಗೆಯ ಗೆರೆಗಳನ್ನು ಕೂಡ ಬರೆದಳು. ಸಂಜೆಗೆ ಗಂಡ ವೈರನ್ನು ಈ ತುದಿಯಿಂದ ಆ ತುದಿಯವರೆಗೆ ಎರಡು ಸಲ ನೋಡಿದ. ಹರಿದ ಜಾಗ ಸಿಗಲಿಲ್ಲ. ಅವಳಿಗೆ ಹೆಮ್ಮೆಯಾಯಿತು. ಯಾಕೆ ಸುಳ್ಳು ಹೇಳಬೇಕು, ಭಾಳ ಹೆಮ್ಮೆಯಾಯಿತು.

ಮರುದಿನ ಬೆಳಿಗ್ಗೆ ದೇವೇಂದ್ರಪ್ಪ ರೊಟ್ಟಿ ಬುತ್ತಿಯ ಜೊತೆ ಚೀಲವನ್ನೂ ಹೆಗಲಿಗೆ ಹಾಕಿಕೊಂಡು ಹೋದ. ಅವನು ಹೋದ ತಾಸಿಗೆ ಶಹನಾಜಬೇಗಂ ಒಲೆಗೆ ಕೆಂಡ ಕೇಳಲು ಬಂದಳು.

"ತಂಗೀ, ಎರಡು ಕೆಂಡ ಕೊಡವ್ವ. ನಮ್ಮ ಒಲಿ ಆರೇತಿ."

"ತಗೋರಿ ಬೇಗಮಕ್ಕಾ. ಅಲ್ಲೇ ಚಿಮಟಾ ಐತಿ."

ಬೇಗಂ ಮೊಣಕಾಲು ಹಿಡಿದುಕೊಂಡು ಒಲೆಯ ಮುಂದೆ ಕುಕ್ಕರಿಸಿದಳು. ಕೆಂಡಕ್ಕೆಂದು ಚಾಚಿದ ಕೈ ಅರ್ಧಕ್ಕೇ ನಿಂತಿತು. ಬೂದಿಯ ಪಕ್ಕದಿಂದ ಕರಿ ಚೂರೊಂದನ್ನು ಎತ್ತಿ, ಉಗುರಿನಿಂದ ಬಗ್ಗಿಸಿ ನೋಡಿದಳು.

"ಇದು ವೈರಿನ ರಬ್ಬರಲ್ಲೇನು? ನಿಮ್ಮ ಮನಿಗೆ ಹೆಂಗ ಬಂತು?"

ಶೇಖರಮ್ಮ ಮೊದಲು ತಡವರಿಸಿದಳು. ಬೇಗಮಕ್ಕ ಹೊರಗಿನವಳೇನಲ್ಲ, ಗುಟ್ಟು ಬಿಟ್ಟುಕೊಡುವವಳೂ ಅಲ್ಲ. ಅದಕ್ಕಿಂತ ಹೆಚ್ಚಾಗಿ, ತನ್ನ ಕೈಚಳಕವನ್ನು ಯಾರಿಗಾದರೂ ಹೇಳಬೇಕೆಂದು ನಿನ್ನೆಯಿಂದ ಅವಳ ನಾಲಿಗೆ ತುರಿಸುತ್ತಿತ್ತು. ಎಲ್ಲವನ್ನೂ ಹೇಳಿದಳು. ಕೊನೆಗೆ ನಗುತ್ತ, "ನಿಮ್ಮ ಮನಿಯವರು ಬಂದು ನೋಡಿದ್ರೂ ಗುರುತು ಹಿಡಿಯಾಂಗಿಲ್ಲ ನೋಡ್ರಿ" ಅಂದಳು.

ಬೇಗಂ ನಗಲಿಲ್ಲ. ಅವಳ ಮುಖ ಬಿಳಿಚಿಕೊಂಡಿತ್ತು.

"ಯಾ ಅಲ್ಲಾ! ಎಂಥಾ ಕೆಲಸ ಮಾಡಿದಿ ತಂಗೀ. ಬಿಜಲೀನ್ನ, ಅದ ನಿಮ್ಮ ಕರೆಂಟನ್ನ, ಹಿಡಿದು ಇಡೂದು ಈ ರಬ್ಬರು. ಮ್ಯಾಲಿನ ನೂಲು ರಬ್ಬರಿಗೆ ಪೆಟ್ಟಾಗಬಾರದಂತ ಹಾಕಿದ್ದು, ಅಷ್ಟ. ರಬ್ಬರು ಹ್ವಾದಲ್ಲಿ ಬಿಜಲಿ ಹೊರಗ ಬರಾಕ ಕಾಯ್ಕೊಂತ ಕುಂತಿರ್ತೈತಿ."

"ನಾ ಅಂಟು ಹಚ್ಚಿ ಮೂರು ಸುತ್ತು ಸುತ್ತೀನಿ ಅಕ್ಕಾ. ಕಲ್ಲಾಗೇತಿ ಅದು."

"ಒಣಗಿದಾಗ ಕಲ್ಲು. ತೊಯ್ದರ?"

ತೊಯ್ದರೆ ಏನಾಗುತ್ತದೆಂದು ಶೇಖರಮ್ಮನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬೊಂಬೆಗೆ ನೀರು ತಾಗಿಸಬೇಡವೆಂದು ಅತ್ತೆ ಬೈದು ಬೈದು ಕಲಿಸಿದ್ದಳು. ನೀರು ಕಂಡರೆ ಹುಣಸೆ ಬೀಜದ ಅಂಟು ಮತ್ತೆ ಲೋಳೆಯಾಗುತ್ತದೆ, ಅರಿವೆ ನೀರು ಕುಡಿದು ಉಬ್ಬುತ್ತದೆ.

"ಒದ್ದಿ ಅರಿವಿ, ಒದ್ದಿ ಅಂಟು ಬಿಜಲೀಗೆ ರಸ್ತಾ ಮಾಡಿಕೊಟ್ಟಂಗ ಆಗ್ತೈತಿ" ಅಂದಳು ಬೇಗಂ. "ಒದ್ದಿ ನೆಲದ ಮ್ಯಾಲ ಬರಿಗಾಲಾಗ ನಿಂತಾವರು ಅದನ್ನ ಮುಟ್ಟಿದ್ರ ಮುಗೀತು. ಕೈ ಬಿಡಸಾಕ ಬರಾಂಗಿಲ್ಲ, ಬಿಜಲಿ ಹಿಡಕೊಂಡು ಬಿಡ್ತೈತಿ."

ಒದ್ದೆ ನೆಲ! ಶೆಡ್ಡಿನಲ್ಲಿ ಮರದ ಪುಡಿ, ಧೂಳು ಏಳಬಾರದೆಂದು ದಿನಾ ಬೆಳಿಗ್ಗೆ ಕೊಡಗಟ್ಟಲೆ ನೀರು ಚಿಮುಕಿಸುತ್ತಿದ್ದರು. ಗಂಡ ಸಂಜೆ ಮನೆಗೆ ಬಂದಾಗ ಅವನ ಪಾದಕ್ಕೆ ರಾಡಿ ಮೆತ್ತಿರುತ್ತಿತ್ತು. ನಿನ್ನೆ ರಜೆ, ಧೂಳು ಹೆಚ್ಚು, ಇವತ್ತು ನೀರೂ ಹೆಚ್ಚು.

ಅಷ್ಟರಲ್ಲಿ ದೂರದಿಂದ ಎಂಜಿನ್ನಿನ ಸದ್ದು ಕೇಳಿಸಿತು. ದಿನಾ ಕೇಳುವ ಸದ್ದೇ. ಇವತ್ತು ಅದು ಅವಳ ಎದೆಯ ಮೇಲೆಯೇ ಕುಟ್ಟಿದಂತಾಯಿತು.

"ಓಡು!" ಅಂದಳು ಬೇಗಂ. "ಈ ಕಾಲಾಗ ನನಗ ಓಡಾಕ ಆಗಾಂಗಿಲ್ಲ, ನೀ ಓಡು, ನಾ ಹಿಂದಿಂದ ಬರ್ತೀನಿ. ಮೊದಲ ಕರೆಂಟು ಬಂದ್ ಮಾಡಸು. ಕೇಳ್ತೇನು? ಯಾರಿಗರೆ ಹಿಡಕೊಂಡಿದ್ರ ಅವರನ್ನ ಮುಟ್ಟಬ್ಯಾಡ. ನಿನ್ನ ಗಂಡನ ಆಗಿದ್ರೂ ಮುಟ್ಟಬ್ಯಾಡ. ಮುಟ್ಟಿದ್ರ ಒಂದು ಹೆಣ ಹೋಗಿ ಎರಡಾಗ್ತಾವು. ಮೊದಲ ಸ್ವಿಚ್ಚು, ಆಮ್ಯಾಲ ಮನಿಶಾ!"

ಶೇಖರಮ್ಮ ಓಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳೋ ಇಲ್ಲವೋ ಅವಳಿಗೇ ನೆನಪಿಲ್ಲ. ಶೆಡ್ಡಿಗೆ ಎರಡು ಫರ್ಲಾಂಗೂ ಇರಲಿಲ್ಲ, ಆದರೆ ಆ ದಾರಿ ಅವತ್ತು ಮುಗಿಯಲೊಲ್ಲದು. ಓಡುತ್ತ ಓಡುತ್ತ ಗಂಡನ ಕೈ ಕಣ್ಣ ಮುಂದೆ ಬರುತ್ತಿತ್ತು. ತನ್ನ ಕೈಯೂ ಬರುತ್ತಿತ್ತು, ಕುಂಚ ಹಿಡಿದು ಗೆರೆ ಬರೆದ ಕೈ. ಗುರುತು ಸಿಗದ ಹಾಗೆ ಮಾಡಿದೆನಲ್ಲ, ಯಾರಾದರೂ ಕಂಡು ಎಚ್ಚರವಾಗುವ ದಾರಿಯನ್ನೂ ಮುಚ್ಚಿದೆನಲ್ಲ ಎಂದು ತನ್ನನ್ನೇ ಬೈದುಕೊಳ್ಳುತ್ತ ಓಡಿದಳು. ಎಂಜಿನ್ನು ಕುಟ್ಟುತ್ತಲೇ ಇತ್ತು. ಅದು ನಿಂತರೆ ಏನೋ ಆಗಿದೆ ಎಂದು ಹೆದರಿಕೆ, ನಿಲ್ಲದಿದ್ದರೆ ಇನ್ನೇನು ಆಗುತ್ತದೋ ಎಂದು ಹೆದರಿಕೆ.

ಶೆಡ್ಡಿನ ಬಾಗಿಲಲ್ಲಿ ಬಂದು ನಿಂತಳು. ನೆಲ ಪಿಚಪಿಚ ಅನ್ನುತ್ತಿತ್ತು. ಮೂರು ಬೈರಿಗೆಗಳ ಗದ್ದಲದಲ್ಲಿ ಕಿವಿ ಕೇಳುತ್ತಿರಲಿಲ್ಲ. ನೆಲದ ಮೇಲೆ ಮೂರು ಕರಿ ವೈರುಗಳು ಅತ್ತಿತ್ತ ಹರಿದಾಡಿದ್ದವು, ಮೂರೂ ಒಂದೇ ಥರ. ಯಾವುದು ತನ್ನದೆಂದು ಅವಳಿಗೇ ತಿಳಿಯಲಿಲ್ಲ.

ದೇವೇಂದ್ರಪ್ಪ ಎತ್ತರದ ಹಲಗೆಯ ಮೇಲೆ ನಿಂತು ಬಾಗಿಲ ಚೌಕಟ್ಟು ಕೊರೆಯುತ್ತಿದ್ದ. ಜೀವಂತ ನಿಂತಿದ್ದ. ಶೇಖರಮ್ಮ ಬಾಗಿಲಿನಿಂದಲೇ ಕೂಗಿದಳು.

"ರೀ! ಬಂದ್ ಮಾಡ್ರಿ! ಆ ವೈರು ಬಂದ್ ಮಾಡ್ರಿ!"

ಅವನು ಬೈರಿಗೆ ನಿಲ್ಲಿಸಿ ತಿರುಗಿ ನೋಡಿದ. ಹತ್ತಾರು ಗಂಡಸರಿರುವ ಕಡೆ ಹೆಂಡತಿ ಕೂದಲು ಬಿಚ್ಚಿಕೊಂಡು ಬಂದು ಕೂಗುತ್ತಿದ್ದಾಳೆ. ಅವನಿಗೆ ನಾಚಿಕೆಯೂ ಬಂತು, ಸಿಟ್ಟೂ ಬಂತು.

"ಏನಾತು ನಿನಗ? ಮನಿಗೆ ನಡಿ ಮೊದಲ."

"ಅಂಟು ತೊಯ್ದರ ಕರೆಂಟು ಹೊರಗ ಬರ್ತೈತಂತ. ಬೇಗಮಕ್ಕ ಹೇಳಿದಳು. ಕೈ ಮುಗೀತೀನಿ, ಬಂದ್ ಮಾಡ್ರಿ!"

"ಬಾಯಿ ಮುಚ್ಚು" ಅಂದ ಅವನು ಹಲ್ಲು ಕಚ್ಚಿ, ಮೆಲ್ಲಗೆ. "ಎಲ್ಲಾರಿಗೂ ಕೇಳಸ್ತೈತಿ. ಎಂಜಿನ್ನು ಚಾಲೂ ಆದಾಗಿಂದ ನಾನ ಹಿಡಕೊಂಡು ನಿಂತೀನಿ. ನನಗ ಏನರೆ ಆಗೇತೇನು?"

ಅವನಿಗೆ ಏನೂ ಆಗಿರಲಿಲ್ಲ. ಒಣ ಹಲಗೆಯ ಮೇಲೆ ನಿಂತಿದ್ದ, ಅಂಟು ಹಚ್ಚಿದ ಜಾಗ ಅವನಿಂದ ದೂರದಲ್ಲಿ ನೆಲದ ಮೇಲಿತ್ತು. ಅಲ್ಲಿ ಒಂದು ತಾಸಿನಿಂದ ಅದು ಸದ್ದಿಲ್ಲದೆ ನೀರು ಕುಡಿಯುತ್ತ ಬಿದ್ದಿತ್ತು. ತನಗೆ ಏನೂ ಆಗಿಲ್ಲವೆಂಬ ಮಾತು ಎಷ್ಟು ಜನರ ಜೀವ ತೆಗೆದಿದೆಯೋ ದೇವರೇ ಬಲ್ಲ.

ಗಂಡ ಹೆಂಡತಿಯ ಈ ಜಗಳ ನಡೆದಾಗಲೇ ಗಾಳೆಪ್ಪ ಬಂದ. ಮರ ಹೊತ್ತು ತಂದುಕೊಡುವ ಕೆಲಸ ಅವನದು, ದೇವೇಂದ್ರಪ್ಪನ ಓರಗೆಯವನು. ವೈರು ಒಂದು ದಿಮ್ಮಿಗೆ ಸಿಕ್ಕಿಕೊಂಡಿದ್ದು ಕಂಡು, "ದೇವೇಂದ್ರಣ್ಣ, ತಡಿ, ಸಡಲ ಮಾಡಿಕೊಡ್ತೀನಿ" ಎನ್ನುತ್ತ ಬಗ್ಗಿ ಅದನ್ನು ಹಿಡಿದ. ಬರಿಗಾಲು ರಾಡಿಯಲ್ಲಿತ್ತು.

ಅವನ ಬಾಯಿಂದ ಕೂಗು ಕೂಡ ಬರಲಿಲ್ಲ. ಮೈ ಸೆಟೆದುಕೊಂಡಿತು, ಹಲ್ಲು ಕಚ್ಚಿಕೊಂಡವು, ಮುಷ್ಟಿ ವೈರನ್ನು ಇನ್ನೂ ಬಿಗಿಯಾಗಿ ಹಿಡಿಯಿತು.

"ಗಾಳ್ಯಾ!" ಎಂದು ಚೀರಿ ದೇವೇಂದ್ರಪ್ಪ ಹಲಗೆಯಿಂದ ಜಿಗಿದ. ಎರಡೂ ಕೈ ಚಾಚಿ ಗೆಳೆಯನ ಕಡೆ ಓಡಿದ. ಶೇಖರಮ್ಮ ಅಡ್ಡ ಬಂದಳು. ಹದಿನೆಂಟು ವರ್ಷದ ಸಂಸಾರದಲ್ಲಿ ಗಂಡನ ಮಾತು ಮೀರದವಳು ಎದೆಗೆ ಎರಡು ಕೈ ಹಚ್ಚಿ ಅವನನ್ನು ಹಿಂದಕ್ಕೆ ನೂಕಿದಳು. ಅವನು ಮತ್ತೆ ಮುಂದೆ ಬಂದ. ಮತ್ತೆ ನೂಕಿದಳು.

"ಮುಟ್ಟಬ್ಯಾಡ್ರಿ! ಮುಟ್ಟಿದ್ರ ನೀವೂ ಹೋಗ್ತೀರಿ. ಸ್ವಿಚ್ಚು ಎಲ್ಲೈತಿ? ಮೊದಲ ಸ್ವಿಚ್ಚು!"

ಆ ಮಾತು ಅವನ ತಲೆಗೆ ಹೋಯಿತು. ಗೋಡೆಯ ಕಡೆ ಓಡಿ ಸ್ವಿಚ್ಚು ಕೆಳಗೆಳೆದ. ಬೈರಿಗೆಗಳೆಲ್ಲ ಒಮ್ಮೆಲೇ ಸುಮ್ಮನಾದವು. ಗಾಳೆಪ್ಪ ಬುಡ ಕಡಿದಂತೆ ರಾಡಿಯಲ್ಲಿ ಬಿದ್ದ.

ಆ ಹೊತ್ತಿಗೆ ಬೇಗಂ ಕುಂಟುತ್ತ ಬಂದು ಸೇರಿದಳು. ಪ್ಲಗ್ಗನ್ನೂ ಗೋಡೆಯಿಂದ ಕೀಳಿಸಿದಳು. ಆಮೇಲೇ ಗಾಳೆಪ್ಪನ ಮೂಗಿನ ಹತ್ತಿರ ಕೈ ಹಿಡಿದಳು, ಎದೆಗೆ ಕಿವಿ ಇಟ್ಟಳು. ಎಲ್ಲರೂ ಅವಳ ಮುಖವನ್ನೇ ನೋಡುತ್ತ ನಿಂತರು.

"ಉಸಿರೈತಿ" ಅಂದಳು. "ಗಾಡಿ ತರ್ರಿ. ದವಾಖಾನಿಗೆ ಒಯ್ಯಬೇಕು, ಲಗೂನ."

ಲಾರಿಯೊಂದು ಸಿಕ್ಕಿತು. ನಾಲ್ಕು ಜನ ಗಾಳೆಪ್ಪನನ್ನು ಎತ್ತಿ ಕೊಪ್ಪಳಕ್ಕೆ ಒಯ್ದರು. ರಾಡಿ ಮೆತ್ತಿದ ಅವನ ಬಲ ಅಂಗೈ ಸುಟ್ಟು ಬೆಳ್ಳಗಾದದ್ದನ್ನು ಹತ್ತಿರವಿದ್ದ ಶೇಖರಮ್ಮ, ಬೇಗಂ ಇಬ್ಬರೇ ಕಂಡರು.

ಉಳಿದವರು ವೈರಿನ ಸುತ್ತ ಸೇರಿದರು. ಎಂಜಿನ್ನು ನಡೆಸುವ ದುರಗಪ್ಪ ಬಂದು ವೈರನ್ನು ಕೋಲಿನಿಂದ ಹೊರಳಿಸಿ ಹೊರಳಿಸಿ ನೋಡಿದ. ತಲೆ ಕೆರೆದುಕೊಂಡ.

"ವೈರು ಛಲೋ ಐತಲ್ರಪಾ. ಎಲ್ಲೂ ಹರದಿಲ್ಲ. ಗಾಳೆಪ್ಪಗ ಏನು ಮೂರ್ಛಿ ಬಂತೋ ಏನೋ."

"ಮೊನ್ನಿನೂ ತಲಿ ತಿರುಗ್ತೈತಿ ಅಂತಿದ್ದ" ಅಂದ ಇನ್ನೊಬ್ಬ. ಶೇಖರಮ್ಮ ಕೂಗಿದ್ದು ಬೈರಿಗೆಗಳ ಗದ್ದಲದಲ್ಲಿ ಯಾರಿಗೂ ಸರಿಯಾಗಿ ಕೇಳಿಸಿರಲಿಲ್ಲ, ಎಲ್ಲರಿಗೂ ಆ ಮಾತೇ ಸರಿ ಕಂಡಿತು.

ದೇವೇಂದ್ರಪ್ಪ ಹೆಂಡತಿಯ ಮುಖ ನೋಡಿದ. ಸುಮ್ಮನಿರು ಎಂದು ಅವನ ಕಣ್ಣುಗಳು ಬೇಡಿಕೊಳ್ಳುತ್ತಿದ್ದವು. ಸುಮ್ಮನಿದ್ದರೆ ಎಲ್ಲವೂ ಅಲ್ಲಿಗೇ ಮುಚ್ಚಿಹೋಗುತ್ತಿತ್ತು. ಅವನ ಬೈರಿಗೆ ಉಳಿಯುತ್ತಿತ್ತು, ಅವಳ ಮಾನ ಉಳಿಯುತ್ತಿತ್ತು. ವೈರೂ ಉಳಿಯುತ್ತಿತ್ತು. ನಾಳೆ ಬೆಳಿಗ್ಗೆ ಯಾರೋ ಅದನ್ನು ಮತ್ತೆ ಗೋಡೆಗೆ ಚುಚ್ಚುತ್ತಿದ್ದರು, ಇನ್ಯಾರೋ ಬರಿಗಾಲಲ್ಲಿ ಬಂದು ಎತ್ತುತ್ತಿದ್ದರು. ಶೇಖರಮ್ಮ ಒಂದು ಹೆಜ್ಜೆ ಮುಂದೆ ಬಂದಳು.

"ಮೂರ್ಛಿ ಅಲ್ರಿ" ಅಂದಳು. "ಆ ವೈರು ಹರದಿತ್ತು. ನಾನ ಅಂಟು ಹಚ್ಚಿ, ಅರಿವಿ ಸುತ್ತಿ, ಬಣ್ಣ ಬಳದೀನಿ. ಗಾಳೆಪ್ಪಣ್ಣನ ಕೈ ಸುಟ್ಟಿದ್ದು ನಾನು."

ಯಾರೂ ನಂಬಲಿಲ್ಲ. ಅವಳು ನೆಲಕ್ಕೆ ಕೂತು, ಪ್ಲಗ್ಗು ಕಿತ್ತಿದೆಯೇ ಎಂದು ಬೇಗಂಳನ್ನು ಇನ್ನೊಮ್ಮೆ ಕೇಳಿ, ಕಣ್ಣು ಮುಚ್ಚಿ ವೈರನ್ನು ಬೆರಳ ಸಂದಿಯಲ್ಲಿ ಎಳೆಯುತ್ತ ಹೋದಳು. ಒಂದು ಕಡೆ ಬೆರಳು ನಿಂತಿತು. ಉಗುರು ಹಾಕಿ ಕೆರೆದಳು. ಮೆತ್ತಗಾದ ಅರಿವೆ ಸುಲಿದು ಬಂತು, ಅಂಟು ಬೆರಳಿಗೆ ಹತ್ತಿತು, ಒಳಗೆ ತಾಮ್ರ ಕಾಣಿಸಿತು. ದುರಗಪ್ಪ ಎರಡು ಹೆಜ್ಜೆ ಹಿಂದೆ ಸರಿದ.

"ಆಕಿ ತಪ್ಪಿಲ್ಲ" ಅಂದ ದೇವೇಂದ್ರಪ್ಪ. ಅವನ ದನಿ ಸಣ್ಣದಾಗಿತ್ತು. "ಹಚ್ಚು ಅಂದಾವ ನಾನು. ಬ್ಯಾಡ ಅಂತ ಆಕಿ ಹೇಳಿದಳು. ನಾ ಕೇಳಲಿಲ್ಲ."

ಮರುದಿನ ಮಿಸ್ತ್ರಿ ಬಂದ. ಬೈಯುತ್ತಾನೆಂದು ಎಲ್ಲರೂ ಕಾದರು. ಅವನು ಬೈಯಲಿಲ್ಲ, ಮರದ ದಿಮ್ಮಿಯ ಮೇಲೆ ಕೂತು ಎಲ್ಲರನ್ನೂ ಸುತ್ತ ಕೂರಿಸಿಕೊಂಡ. ದೇವೇಂದ್ರಪ್ಪ ಮೊದಲ ಸಲ ಅವನ ಮಾತನ್ನು ಕಿವಿಯಿಟ್ಟು ಕೇಳಿದ. ತಾನೇ ಪ್ರಶ್ನೆಯನ್ನೂ ಕೇಳಿದ.

"ಮಿಸ್ತ್ರಿ, ವೈರು ಬಾಗಲ ಸಂದ್ಯಾಗ ಬಿಟ್ಟು ಎಲ್ಲಿ ಒಯ್ಯೂದ್ರಿ? ದಾರೀನ ಅದೈತಿ."

"ಗ್ವಾಡಿಗೆ ಮೊಳಿ ಹೊಡೀತೀನಿ, ಮರದ ಗೂಟ ಹಾಕ್ತೀನಿ. ಮ್ಯಾಲಿಂದ ಒಯ್ಯಿ. ನೆಲದ ಮ್ಯಾಲ ಬಿಟ್ರ ತುಳೀತಾರ, ಗಾಡಿ ಹಾಯಸ್ತಾರ, ನೀರು ನಿಂದರ್ತೈತಿ. ಕೆಲಸ ಮುಗಿದಮ್ಯಾಲ ಪ್ಲಗ್ಗು ಹಿಡಿದು ಕೀಳು, ವೈರು ಹಿಡಿದು ಜಗ್ಗಬ್ಯಾಡ. ಬೈರಿಗಿ ಮೂತಿ ಬದಲಿ ಮಾಡೂವಾಗೂ ಪ್ಲಗ್ಗು ಕಿತ್ತ ಮಾಡು."

"ಹೆಚ್ಚಾದ ವೈರು ಸುತ್ತಿ ಇಟ್ಟಿರ್ತೀನ್ರಿ ನಾ, ಸಿಂಬಿ ಮಾಡಿ."

"ಅದೂ ತಪ್ಪ. ಸುತ್ತಿಟ್ಟ ವೈರಿನಾಗ ಮಷೀನು ನಡಿಸಿದ್ರ ಒಳಗ ಕಾಯ್ತೈತಿ, ರಬ್ಬರು ಕರಗ್ತೈತಿ. ಪೂರಾ ಬಿಚ್ಚಿ ಹಾಕು. ಮತ್ತ ಈ ಮೂರನೇ ಕಾಲು ಕಂಡಿಯಿಲ್ಲ ಪ್ಲಗ್ಗಿಗೆ? ಗೂಡಿನಾಗ ಹಿಡಿಯಾಂಗಿಲ್ಲಂತ ಅದನ್ನ ಮುರಿಯಾವರು ಅದಾರ. ಮಷೀನಿನ ಮೈಯಾಗ ಬಿಜಲಿ ಬಂದ್ರ ಅದನ್ನ ಭೂಮಿಗೆ ಒಯ್ಯೂದು ಆ ಕಾಲು. ಅದನ್ನ ಮುರಿದ್ರ ನಿಮ್ಮ ಕಾಲ ಮುರಕೊಂಡಂಗ."

ಹರಿದ ವೈರನ್ನು ಅವನು ದೇವೇಂದ್ರಪ್ಪನ ಕೈಗೇ ಕೊಟ್ಟು ಕೊಡಲಿಯಿಂದ ತುಂಡು ತುಂಡು ಮಾಡಿಸಿದ. ಆ ಮೇಲೆ ಕೈ ಬೈರಿಗೆ ಕೊಟ್ಟ. ಮಳೆಗಾಲ ಮುಗಿಯುವ ತನಕ ದೇವೇಂದ್ರಪ್ಪ ರಟ್ಟೆ ಮುರಿದುಕೊಂಡು ಅದನ್ನೇ ತಿರುಗಿಸಿದ. ಗೊಣಗಲಿಲ್ಲ.

ಗಾಳೆಪ್ಪ ಬದುಕಿದ. ದವಾಖಾನೆಯಿಂದ ಮನೆಗೆ ಬಂದಾಗ ಬಲಗೈಯ ಎರಡು ಬೆರಳು ಒಳಕ್ಕೆ ಬಗ್ಗಿ ನಿಂತಿದ್ದವು. ಮತ್ತೆ ನೆಟ್ಟಗಾಗಲಿಲ್ಲ.

ಶೇಖರಮ್ಮ ದಿನಾ ಅವನ ಮನೆಗೆ ಹೋಗಿ ಜೋಳ ಬೀಸಿಕೊಟ್ಟಳು, ನೀರು ತಂದುಹಾಕಿದಳು. ಗಾಳೆಪ್ಪನ ಹೆಂಡತಿ ಸಣ್ಣವ್ವ ಎಂಟು ದಿನ ಇವಳ ಕಡೆ ತಿರುಗಿಯೂ ನೋಡಲಿಲ್ಲ. ಒಂಬತ್ತನೆಯ ದಿನ ಬೀಸುವ ಕಲ್ಲಿನ ಎದುರಿಗೆ ಬಂದು ಕೂತಳು.

"ಒಂದು ಮಾತು ಕೇಳ್ತೀನಿ. ಖರೇ ಹೇಳು. ನೀರಿಗೆ ಆ ಅಂಟು ಬಿಡ್ತೈತಿ ಅಂತ ನಿನಗ ಗೊತ್ತಿತ್ತಲ್ಲ?"

ಕಲ್ಲು ನಿಂತಿತು.

"ಗೊತ್ತಿತ್ತವ್ವ. ಅಂಟಿನ ಗುಣ ಗೊತ್ತಿತ್ತು, ಕರೆಂಟಿನ ಗುಣ ಗೊತ್ತಿರಲಿಲ್ಲ. ಬಾಜೂ ಮನ್ಯಾಗ ಗೊತ್ತಿದ್ದಾಕಿ ಇದ್ದಳು. ಹೋಗಿ ಕೇಳಲಿಲ್ಲ."

ಶೇಖರಮ್ಮ ಅತ್ತಳು. ಸಣ್ಣವ್ವನೂ ಅತ್ತಳು. ಕ್ಷಮಿಸಿದೆ ಎಂದು ಅವಳು ಬಾಯಿಬಿಟ್ಟು ಹೇಳಲಿಲ್ಲ. ಎದುರಿಗೆ ಕೂತು ಬೀಸುವ ಕಲ್ಲಿನ ಗೂಟಕ್ಕೆ ತಾನೂ ಒಂದು ಕೈ ಹಚ್ಚಿದಳು.

ಮರ ಹೊರಲು ಗಾಳೆಪ್ಪನಿಂದ ಆಗುತ್ತಿರಲಿಲ್ಲ. ಮಿಸ್ತ್ರಿ ಅವನಿಗೆ ಬೇರೆ ಕೆಲಸ ಕೊಟ್ಟ. ದಿನಾ ಬೆಳಿಗ್ಗೆ ಎಂಜಿನ್ನು ಚಾಲೂ ಮಾಡುವ ಮೊದಲು ಪ್ರತಿಯೊಬ್ಬನೂ ತನ್ನ ವೈರನ್ನು ಗಾಳೆಪ್ಪನ ಮುಂದೆ ತಂದು ಹಾಕಬೇಕು. ಅವನು ಅದನ್ನು ಆ ಬಗ್ಗಿದ ಬೆರಳುಗಳ ನಡುವೆ ಎಳೆದು ಇಂಚಿಂಚೂ ನೋಡಿ, ಬಾಗಿಸಿ, ಸರಿಯಿದ್ದರೆ ಕೊಡುತ್ತಿದ್ದ. ಇಲ್ಲದಿದ್ದರೆ ಪಕ್ಕಕ್ಕೆ ಹಾಕುತ್ತಿದ್ದ. ನಿನ್ನೆಯವರೆಗೂ ನಡೀತಿತ್ತಲ್ಲ, ಇವತ್ತೊಂದು ದಿನ ಬಿಡು ಎಂದು ಯಾರಾದರೂ ವಾದಕ್ಕೆ ಬಂದರೆ ಅವನು ಕೈ ಎತ್ತಿ ತೋರಿಸುತ್ತಿದ್ದ, ಅಷ್ಟೆ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಈಗ ನಿಮ್ಮ ಮಾತಿಗೆ ಬರೋಣ. ಈಗ ಹುಣಸೆ ಬೀಜದ ಅಂಟಿಲ್ಲ, ನಿಜ. ಪ್ಲಾಸ್ಟಿಕ್ ಚೀಲ ಸುತ್ತಿ ದಾರ ಕಟ್ಟಿದ ವೈರು ನಿಮ್ಮ ಮನೆಯಲ್ಲಿಲ್ಲವೇ? ಪ್ಲಗ್ಗಿಲ್ಲದೆ ಕಡ್ಡಿ ಚುಚ್ಚಿ ನಿಲ್ಲಿಸಿದ ವೈರು? ಒಂದೇ ಬೋರ್ಡಿಗೆ ಮಿಕ್ಸರು, ಮೋಟರು, ಕೊರೆಯುವ ಮಷೀನು ಎಲ್ಲವನ್ನೂ ಸಿಕ್ಕಿಸಿದ್ದು? ಬಚ್ಚಲ ನೀರಿನ ಮೇಲೆ ಹಾದುಹೋದದ್ದು? ಮುಟ್ಟಿದರೆ ಸ್ವಲ್ಪ ಜುಮ್ ಅನ್ನುತ್ತದೆ, ಅಷ್ಟೇ ಎಂದು ನಗುತ್ತ ಹೇಳುವ ಮಷೀನು? ಆ ಜುಮ್ ಅನ್ನುವುದು ತಮಾಷೆಯಲ್ಲ, ಅದು ಅಪಾಯವೆಂದು ಕೂಗಿ ಹೇಳುತ್ತಿದೆ.

ಈ ಹಾಳೆಯನ್ನು ಕೆಳಗಿಡಿ. ಮನೆಯ ವೈರುಗಳನ್ನೆಲ್ಲ ಪ್ಲಗ್ಗು ಕಿತ್ತು ಹೊರಗೆ ತನ್ನಿ, ಬೆಳಕಿನಲ್ಲಿ ಒಂದೊಂದನ್ನೂ ಈ ತುದಿಯಿಂದ ಆ ತುದಿಯವರೆಗೆ ನೋಡಿ. ಹರಿದದ್ದು, ಬಿರಿದದ್ದು, ಸುಟ್ಟ ವಾಸನೆ ಬಂದದ್ದು ಸಿಕ್ಕರೆ ತೇಪೆ ಹಾಕಬೇಡಿ, ಬದಲಿಸಿ. ಗೊತ್ತಿಲ್ಲದಿದ್ದರೆ ಗೊತ್ತಿದ್ದವರನ್ನು ಕೇಳಿ, ಕೇಳಲು ನಾಚಬೇಡಿ. ಬೈದರೂ ಬೈಸಿಕೊಳ್ಳಿ. ನೀವು ಬಚ್ಚಿಟ್ಟ ವೈರನ್ನು ನಾಳೆ ಹಿಡಿಯುವ ಕೈ ನಿಮ್ಮದೇ ಆಗಿರಬೇಕೆಂದಿಲ್ಲ.